ಒಂದು ತೊಟ್ಟು ನೀರು

ಹಿತ್ತಲ ಕಡೆಯ ಕಿಟಕಿಗೆ ಧಪ್ ಅಂತ ಏನೋ ಬಡಿಯಿತು. ಹೋಗಿ ನೋಡಿದರೆ ದಾಸವಾಳದ ಬುಡದಲ್ಲಿ ಒಂದು ಪಿಕಳಾರ ಬಿದ್ದಿತ್ತು. ಕಪ್ಪು ಜುಟ್ಟು ಕೆದರಿತ್ತು, ಎಡ ರೆಕ್ಕೆ ಜೋತುಬಿದ್ದಿತ್ತು. ಕೊಕ್ಕು ತೆರೆದುಕೊಂಡು ಏದುಸಿರು ಬಿಡುತ್ತಿತ್ತು.

"ಪಾಪ, ಬಾಯಿಗೆ ಒಂದು ತೊಟ್ಟು ನೀರು ಬಿಡೇ" ಅಂದರು ಅಮ್ಮ. ಲೋಟ, ಚಮಚ ಹಿಡಿದುಕೊಂಡೇ ಬಂದಿದ್ದರು.

"ಬೇಡಮ್ಮ" ಅಂದೆ. ಸ್ವಲ್ಪ ಜೋರಾಗಿಯೇ ಅಂದುಬಿಟ್ಟೆ.

ಅದಕ್ಕೆ ಕಾರಣ ಇತ್ತು. ನನಗೆ ಹತ್ತು ವರ್ಷ ಇದ್ದಾಗ ಗೂಡಿನಿಂದ ಬಿದ್ದ ಗುಬ್ಬಚ್ಚಿ ಮರಿಯೊಂದು ಸಿಕ್ಕಿತ್ತು. ಬಾಯಾರಿರಬೇಕು ಅಂದುಕೊಂಡು ಚಮಚದಲ್ಲಿ ನೀರು ಬಿಟ್ಟೆ. ಕೊಕ್ಕಿನ ಮೇಲಿನ ಸಣ್ಣ ತೂತಿನಲ್ಲಿ ಒಂದು ನೀರಗುಳ್ಳೆ ಬಂತು. ಮರಿ ಎರಡು ಸಲ ತಲೆ ಕೊಡವಿತು, ಆಮೇಲೆ ನನ್ನ ಕೈಯಲ್ಲೇ ಸುಮ್ಮನಾಯಿತು. ಹಕ್ಕಿಯ ನಾಲಿಗೆಯ ಬುಡದಲ್ಲೇ ಶ್ವಾಸನಾಳದ ಬಾಯಿ ಇರುತ್ತದೆ, ನಾವು ಬಿಟ್ಟ ನೀರು ಸೀದಾ ಅದರೊಳಗೆ ಹೋಗಬಹುದು ಅನ್ನೋದು ಎಷ್ಟೋ ವರ್ಷಗಳ ನಂತರ ಗೊತ್ತಾಯಿತು. ಆ ಗುಳ್ಳೆ ಮಾತ್ರ ಇವತ್ತಿಗೂ ಕಣ್ಣ ಮುಂದಿದೆ.

ಹಳೆಯ ಹತ್ತಿ ಬಟ್ಟೆ ಹಾಕಿ ಪಿಕಳಾರವನ್ನು ಮೆಲ್ಲಗೆ ಎತ್ತಿಕೊಂಡೆ. ಹಕ್ಕಿಗಳಿಗೆ ನಮ್ಮ ಹಾಗೆ ವಪೆ, ಅಂದರೆ ಎದೆಗೂ ಹೊಟ್ಟೆಗೂ ನಡುವೆ ಇದ್ದು ಉಸಿರಾಡಿಸುವ ಸ್ನಾಯುವಿನ ಪರದೆ, ಇರುವುದಿಲ್ಲ. ಎದೆಗೂಡು ಆಡಿದರೆ ಮಾತ್ರ ಉಸಿರು. ಬಿಗಿಯಾಗಿ ಹಿಡಿದರೆ ಕೊಕ್ಕು ತೆರೆದಿದ್ದರೂ ಉಸಿರು ಕಟ್ಟುತ್ತದೆ. ಅಂಗೈಯಲ್ಲಿ ತೂಕವೇ ಗೊತ್ತಾಗಲಿಲ್ಲ, ಬಿಸಿ ಗೊತ್ತಾಯಿತು. ಹಕ್ಕಿಯ ಮೈ ಸಾಮಾನ್ಯವಾಗಿಯೇ 40 ಡಿಗ್ರಿ ದಾಟಿರುತ್ತದೆ, ಅದು ಜ್ವರ ಅಲ್ಲ. ಎದೆಬಡಿತ ಎಣಿಸಲಾಗದಷ್ಟು ವೇಗ. ಎಡಗಣ್ಣಿನ ಕೆಳರೆಪ್ಪೆ ನಿಧಾನಕ್ಕೆ ಮೇಲೇರಿ ಕಣ್ಣು ಮುಚ್ಚುತ್ತಿತ್ತು, ಮತ್ತೆ ಇಳಿಯುತ್ತಿತ್ತು. ಬಲಗಣ್ಣು ಮಾತ್ರ ನನ್ನನ್ನೇ ನೋಡುತ್ತಿತ್ತು.

ಅಷ್ಟರಲ್ಲಿ ಅಮ್ಮ ಚಪ್ಪಲಿ ಡಬ್ಬಿಗೆ ಪೆನ್ನಿನ ತುದಿಯಿಂದ ತೂತು ಮಾಡಿ ತಂದರು. ಹಕ್ಕಿಯನ್ನು ಒಳಗಿಡುವ ಮೊದಲೇ ತೂತು ಮಾಡಿಬಿಡಬೇಕು, ಆಮೇಲೆ ಮಾಡಿದರೆ ಸದ್ದಿಗೇ ಬೆದರುತ್ತದೆ. ತಳಕ್ಕೆ ಬಟ್ಟೆ ಹಾಸಿ, ಒಳಗಿಟ್ಟು ಮುಚ್ಚಿದೆ. ಅದರ ಪಾಲಿಗೆ ನಾವು ಹಿಡಿದು ತಿನ್ನುವ ಪ್ರಾಣಿಗಳೇ ತಾನೇ? ನಮ್ಮ ಮುಖ ಕಾಣದಿದ್ದರೇ ಅದಕ್ಕೆ ಸಮಾಧಾನ.

ಪಶುವೈದ್ಯರೊಬ್ಬರಿಗೆ ಫೋನ್ ಮಾಡಿದೆ. ಅವರು ಮೊದಲು ಕೇಳಿದ್ದು, "ಬೆಕ್ಕು ಮುಟ್ಟಿತ್ತಾ?" ಅಂತ. ಎದೆ ಧಸಕ್ಕೆಂದಿತು. ಪಕ್ಕದ ಮನೆಯ ಬೆಕ್ಕು ದಿನಾ ಇದೇ ಗಿಡಗಳ ನಡುವೆ ಮಲಗುತ್ತದೆ. ಬೆಕ್ಕಿನ ಬಾಯಲ್ಲಿರುವ ಬ್ಯಾಕ್ಟೀರಿಯಾ ಹಕ್ಕಿಯ ರಕ್ತಕ್ಕೆ ಸೇರಿದರೆ ಒಂದೆರಡು ದಿನದಲ್ಲೇ ಪ್ರಾಣ ಹೋಗಬಹುದಂತೆ. ಗಾಯ ಸೂಜಿಮೊನೆಯಷ್ಟಿದ್ದರೂ ಅವತ್ತೇ ಆಂಟಿಬಯಾಟಿಕ್ ಶುರು ಮಾಡಬೇಕು ಅಂದರು.

ಡಬ್ಬಿ ತೆಗೆದು ನೋಡಿದೆ. ಗರಿಗಳ ಮೇಲೆ ಮೆಲ್ಲಗೆ ಊದಿದರೆ ಅವು ಬಿಡಿಸಿಕೊಂಡು ಕೆಳಗಿನ ಚರ್ಮ ಕಾಣುತ್ತದೆ. ಎದೆ, ಬೆನ್ನು, ರೆಕ್ಕೆಯಡಿ ಎಲ್ಲ ಕಡೆ ಊದಿ ನೋಡಿದೆ. ರಕ್ತ ಇಲ್ಲ, ಜೊಲ್ಲಿನ ಒದ್ದೆ ಇಲ್ಲ. ಹೊರಗೆ ಹೋಗಿ ಕಿಟಕಿ ನೋಡಿದೆ. ನನ್ನ ತಲೆಯ ಎತ್ತರದಲ್ಲಿ ಬೂದು ಬಣ್ಣದ ಎರಡು ಎಳೆ ಗರಿ ಗಾಜಿಗೆ ಅಂಟಿಕೊಂಡಿದ್ದವು. ಅದರ ಹಿಂದೆಯೇ ಆಕಾಶ, ಮರ, ಎಲ್ಲ ಗಾಜಿನಲ್ಲಿ ನಿಜದ ಹಾಗೇ ಕಾಣುತ್ತಿತ್ತು. ಡಿಕ್ಕಿ ಹೊಡೆದದ್ದು ಅಲ್ಲೇ. ನಾನು ಸದ್ದು ಕೇಳಿದ ಕೂಡಲೇ ಓಡಿದ್ದೆ, ಬೆಕ್ಕು ಎಲ್ಲೂ ಇರಲಿಲ್ಲ.

"ಹಾಗಾದರೆ ಕತ್ತಲಲ್ಲಿ ಬಿಟ್ಟುಬಿಡಿ, ಪದೇ ಪದೇ ತೆಗೆದು ನೋಡಬೇಡಿ. ಸಂಜೆಯೊಳಗೆ ಹಾರದಿದ್ದರೆ ಕರೆದುಕೊಂಡು ಬನ್ನಿ" ಅಂದರು ವೈದ್ಯರು.

ಕಷ್ಟ ಇದ್ದದ್ದು ಇದೇ. ಬದುಕಿದೆಯಾ ಇಲ್ಲವಾ ಗೊತ್ತಿಲ್ಲ, ಆದರೂ ತೆಗೆಯುವಂತಿಲ್ಲ. ಅಮ್ಮ ಟಿವಿ ಹಾಕಲಿಲ್ಲ. ಮಿಕ್ಸಿ ಕೂಡ ಹಾಕಲಿಲ್ಲ. ಇಬ್ಬರೂ ಪಿಸುಮಾತಿನಲ್ಲೇ ಮಾತಾಡಿಕೊಂಡೆವು.

ಒಂದೂವರೆ ಗಂಟೆಯ ಮೇಲೆ ಡಬ್ಬಿಯಲ್ಲಿ ಪರಪರ ಅಂತ ಸದ್ದು. ಹಿತ್ತಲಿಗೆ ಒಯ್ದು ಮುಚ್ಚಳ ತೆಗೆದೆ. ಅಂಚಿಗೆ ಹತ್ತಿ ಕೂತಿತು, ಹಾರಿತು, ಎರಡೇ ಮಾರು ದೂರದಲ್ಲಿ ಎಡಕ್ಕೆ ವಾಲಿ ನೆಲಕ್ಕೆ ಬಿತ್ತು. ಅಮ್ಮ ಮುಖ ಬೇರೆ ಕಡೆ ತಿರುಗಿಸಿಕೊಂಡರು. ಮತ್ತೆ ಬಟ್ಟೆ, ಮತ್ತೆ ಡಬ್ಬಿ, ಮತ್ತೆ ಕತ್ತಲು.

ಮೂರು ಗಂಟೆಗೆ ಇನ್ನೊಂದು ಸಲ ತೆಗೆದೆ. ಈ ಸಲ ಅಂಚಿನಲ್ಲಿ ಕೂತು ಸುತ್ತ ನೋಡಿತು. ಎರಡೂ ರೆಕ್ಕೆ ಒಂದೇ ಸಮ ಮಡಚಿಕೊಂಡಿದ್ದವು. ಜುಟ್ಟು ನೆಟ್ಟಗಾಗಿತ್ತು. ಬೇಲಿಯಾಚೆ ಇನ್ನೊಂದು ಪಿಕಳಾರ ಕೂಗಿತು. ಇದು ಒಂದೇ ನೆಗೆತಕ್ಕೆ ದಾಸವಾಳದ ಮೇಲಿನ ಕೊಂಬೆಗೆ, ಅಲ್ಲಿಂದ ಬೇಲಿ ದಾಟಿ ಮರಕ್ಕೆ ಹೋಯಿತು. ಬಾಲದಡಿಯ ಕೆಂಪು ಒಂದು ಕ್ಷಣ ಕಂಡಿತು, ಅಷ್ಟೆ.

ಅಮ್ಮ ಚಮಚದ ಜೊತೆ ತಂದಿದ್ದ ಲೋಟದ ನೀರು ಕಿಟಕಿಯ ಕಟ್ಟೆ ಮೇಲೆ ಹಾಗೇ ಇತ್ತು. ಅದರಲ್ಲಿ ಸೋಪಿನ ತುಂಡು ಅದ್ದಿಕೊಂಡು ಗಾಜಿನ ಹೊರಮೈಗೆ ಚುಕ್ಕಿ ಇಡುತ್ತಾ ಹೋದೆ. ಎರಡು ಚುಕ್ಕಿಗಳ ನಡುವೆ 5 ಸೆಂಟಿಮೀಟರ್‌ಗಿಂತ ಜಾಸ್ತಿ ಜಾಗ ಇರಬಾರದು, ಇದ್ದರೆ ಹಕ್ಕಿ ಆ ಸಂದಿಯಲ್ಲೇ ನುಗ್ಗಲು ನೋಡುತ್ತದೆ. ಮಳೆ ಬಂದರೆ ಅಳಿಸಿಹೋಗುತ್ತದೆ, ಮತ್ತೆ ಇಡಬೇಕು.

"ಆ ಮೂಲೆಯಲ್ಲಿ ಖಾಲಿ ಬಿಟ್ಟಿದ್ದೀಯ ನೋಡು" ಅಂದರು ಅಮ್ಮ ಒಳಗಿನಿಂದ.