ಅಗತ್ತಿಯ ಲಗೂನಿನಲ್ಲಿ ನಾನು ಎಳೆದ ಕೆಂಪು ಗೆರೆ

ಲಕ್ಷದ್ವೀಪದ ಅಗತ್ತಿ ದ್ವೀಪದ ಲಗೂನು ಅಂದರೆ ಹವಳದ ದಿಬ್ಬದ ಒಳಗಿನ ಆಳವಿಲ್ಲದ ಕಡಲು. ಮಂಗಳೂರಿನ ಆಫೀಸಿನಲ್ಲಿ ಕೂತು ಅದರ ನಕ್ಷೆಯ ಮೇಲೆ ಪಾಲಿಗನ್, ಅಂದರೆ ಗಡಿಗೆರೆ, ಎಳೆಯಲು ನನಗೆ ಹಿಡಿದದ್ದು ಅರ್ಧ ಗಂಟೆ. ಸ್ಯಾಟಲೈಟ್ ಚಿತ್ರದ ಮೇಲೆ ಹವಳದ ಲೇಯರ್ ಇಟ್ಟೆ, ಸುತ್ತ ಕೆಂಪು ಗೆರೆ ಹಾಕಿದೆ, 'ಮೀನುಗಾರಿಕೆ ಇಲ್ಲ' ಎಂದು ಬರೆದೆ. ಲಕ್ಷದ್ವೀಪದ ಹವಳ ಕಡಲಿನ ಬಿಸಿಗೆ 1998, 2010, 2016ರಲ್ಲಿ ಬಿಳಿಚಿಕೊಂಡಿತ್ತು. 2024ರಲ್ಲಿ ಮತ್ತೆ. ಉಳಿದದ್ದನ್ನಾದರೂ ಕಾಪಾಡಬೇಕು ಅನ್ನುವುದು ನನ್ನ ಲೆಕ್ಕ. ಡ್ರಾಫ್ಟ್ ಹೆಡ್ಡಾಫೀಸಿಗೂ ಹೋಯಿತು.

ಆಮೇಲೆ ಅಗತ್ತಿಯಲ್ಲಿ ಮೀಟಿಂಗ್. ಜೆಟ್ಟಿ ಪಕ್ಕದ ಶೆಡ್ಡಿನಲ್ಲಿ ನಕ್ಷೆ ಹರಡಿದೆ. ಗಾಳಿಗೆ ಹಾರದಂತೆ ನಾಲ್ಕು ಮೂಲೆಗೂ ತೆಂಗಿನಕಾಯಿ. ದೋಣಿಯವರೆಲ್ಲ ಸುತ್ತ ನಿಂತು ನೋಡಿದರು. ಯಾರೂ ಮಾತಾಡಲಿಲ್ಲ. ಒಪ್ಪಿದರು ಅಂದುಕೊಂಡೆ. ಸಹಿ ಹಾಳೆಯನ್ನೂ ಹೊರಗೆ ತೆಗೆದೆ.

ಆಗ ಒಬ್ಬ ಹಿರಿಯರು ಬಗ್ಗಿ, ಗೆರೆಯ ಒಳಗೆ ಬೆರಳಿಟ್ಟರು. "ಇಲ್ಲಿ ಬಲೆ ಹಾಕಬಾರದು ಅಂದ್ರೆ ಎರೆಮೀನು ಎಲ್ಲಿಂದ ತರೋದು, ಮೋಳೇ?"

ನನಗೆ ಮಲಯಾಳ ಬರುತ್ತದೆ. ಆದರೂ ಪ್ರಶ್ನೆ ತಲೆಗೆ ಹೋಗಲಿಲ್ಲ. "ಟ್ಯೂನಾ ಸಿಗೋದು ಹೊರಗಿನ ಕಡಲಲ್ಲಿ ಅಲ್ವಾ?" ಅಂದೆ. ಮತ್ತೆ ಎಲ್ಲರೂ ಸುಮ್ಮನಾದರು. ಆ ಮೌನ ಈಗಲೂ ಚುಚ್ಚುತ್ತದೆ.

ಅವರು ನನ್ನನ್ನು ದೋಣಿಗೆ ಹತ್ತಿಸಿ ತೊಟ್ಟಿಯ ಮುಚ್ಚಳ ತೆಗೆದರು. ಬೆರಳುದ್ದದ ಬೆಳ್ಳಿ ಮೀನುಗಳು ಗುಂಪಾಗಿ ಸುತ್ತು ಹಾಕುತ್ತಿದ್ದವು. ಅಂದು ಬೆಳಗ್ಗೆ ಲಗೂನಿನಲ್ಲಿ ಹಿಡಿದದ್ದು. ನಮ್ಮ ಮೀಟಿಂಗಿಗಾಗಿ ದೋಣಿ ನಿಂತಿತ್ತು. ಇವನ್ನು ಜೀವಂತ ಒಯ್ದು ಹೊರಗೆ ಎರಚಿದರೆ ಟ್ಯೂನಾ ಮೇಲೆ ಬರುತ್ತದೆ. ಆಗ ಗಳ ಹಿಡಿದು ಒಂದೊಂದೇ ಎತ್ತುತ್ತಾರೆ. ಬೇಡದ ಮೀನು ಸಿಗುವುದು ತೀರಾ ಕಮ್ಮಿ. ಎರೆಮೀನು ಇಲ್ಲದ ದಿನ ದೋಣಿ ಹೊರಡುವುದೇ ಇಲ್ಲ.

"ಕಡಲು ಬಿಸಿ ಮಾಡಿದವರು ನಾವಲ್ಲ. ನಷ್ಟ ನಮಗೆ. ಈಗ ಗೆರೆಯೂ ನಮಗೇನಾ?" ಎಂದರು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಹಸಿರುಮನೆ ಅನಿಲವೂ ಕಡಲ ಮಾಲಿನ್ಯವೇ, ಅದನ್ನು ತಡೆಯುವುದು ದೇಶಗಳ ಹೊಣೆ ಎಂದು ಕಡಲ ಕಾನೂನಿನ ಅಂತರರಾಷ್ಟ್ರೀಯ ನ್ಯಾಯಮಂಡಳಿ 2024ರ ಮೇ 21ರಂದು ಹೇಳಿತ್ತು. ಅಭಿಪ್ರಾಯ ಕೇಳಿದ್ದು ಸಣ್ಣ ದ್ವೀಪ ದೇಶಗಳ ಆಯೋಗ. ವರದಿಯ ಮೊದಲ ಪುಟಕ್ಕೆ ಆ ಸಾಲು ಹಾಕಿದವಳು ನಾನೇ. ಏಳನೇ ಪುಟದ ನಕ್ಷೆಯಲ್ಲಿ ಹೊಣೆಯನ್ನೆಲ್ಲ ಅಗತ್ತಿಯ ದೋಣಿಯವರ ತಲೆಗೆ ಕಟ್ಟಿದವಳೂ ನಾನೇ.

ನಮ್ಮ ಟೆಂಪ್ಲೇಟಿನಲ್ಲಿ 'ಸಮುದಾಯದ ಜತೆ ಚರ್ಚೆ: ಹೌದು/ಇಲ್ಲ' ಅನ್ನುವ ಕಾಲಂ ಬರುವುದು ನಕ್ಷೆ ಮುಗಿದ ಮೇಲೆ. ಬಜೆಟ್ ಕಮ್ಮಿಯಾದರೆ ಮೊದಲು ಹೋಗುವುದು ಫೀಲ್ಡ್ ದಿನಗಳು. ಹೀಗಿದ್ದರೆ ಇಂಥ ತಪ್ಪು ಮತ್ತೆ ಆಗುತ್ತದೆ ಎಂದು ರಿವ್ಯೂನಲ್ಲಿ ಹೇಳಿದೆ. 'ನೋಟ್ ಮಾಡ್ಕೊಂಡಿದ್ದೀವಿ' ಎಂದರು, ಅಷ್ಟೇ.

ನಾನು ಐದು ದಿನ ಜಾಸ್ತಿ ಉಳಿದೆ. ಬೆಳಕು ಹರಿಯುವ ಮೊದಲೇ ಅವರ ಜತೆ ಹೋಗಿ, ಬಲೆ ಬಿಡುವ ಜಾಗಗಳನ್ನು ಜಿಪಿಎಸ್‌ನಲ್ಲಿ ಗುರುತು ಮಾಡಿದೆ. ಹೊಸ ನಕ್ಷೆಯಲ್ಲಿ ಎಲ್ಲಿ ಬಿಡಬೇಕು, ಎಲ್ಲಿ ತಡೆಯಬೇಕು ಎಂದು ಅವರೇ ಹೇಳಿದರು. ಹಳೆಯ ಡ್ರಾಫ್ಟ್ ಮಾತ್ರ ಹೆಡ್ಡಾಫೀಸಿನ ಫೋಲ್ಡರಿನಲ್ಲಿ ಇನ್ನೂ ಇದೆ, ಮೂಲೆಯಲ್ಲಿ ನನ್ನ ಹೆಸರಿನ ಜತೆ. ತೆಗೆಯಿರಿ ಎಂದು ಪ್ರತಿ ಸೋಮವಾರ ಮೇಲ್ ಹಾಕುತ್ತಿದ್ದೇನೆ.