55 ಗೆಲುವು, 60 ಸೋಲು
ನಿದ್ದೆ ಬಿಟ್ಟು ಅಮೆರಿಕದ ಕಾನ್ಸಾಸ್ ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ಇತಿಹಾಸ ಓದ್ತಾ ಕೂತಿದ್ದೀನಿ. 1898ರಲ್ಲಿ ಅಲ್ಲಿ ಗಂಡಸರ ತಂಡ ಶುರು ಮಾಡಿದ್ದು ಜೇಮ್ಸ್ ನೈಸ್ಮಿತ್. 1891ರಲ್ಲಿ ಜಿಮ್ಮಿನ ಬಾಲ್ಕನಿಗೆ ಪೀಚ್ ಹಣ್ಣಿನ ಬುಟ್ಟಿಗಳನ್ನ ಮೊಳೆ ಹೊಡೆದು ಕೂರಿಸಿ ಈ ಆಟವನ್ನೇ ಹುಟ್ಟುಹಾಕಿದ ಪುಣ್ಯಾತ್ಮ! ತಮಾಷೆ ಏನಪ್ಪಾ ಅಂದ್ರೆ, ಆ ತಂಡದ ಕೋಚ್‌ಗಳಲ್ಲಿ ಗೆಲುವಿಗಿಂತ ಸೋಲು ಜಾಸ್ತಿ ಇರೋದು ಇವರೊಬ್ಬರದೇ. ಶಿಷ್ಯ ಫಾಗ್ ಅಲೆನ್ ಕೋಚ್ ಆಗ್ತೀನಿ ಅಂದಾಗ, ಈ ಆಟ ಕಲಿಸೋದಲ್ಲಪ್ಪ, ಬರೀ ಆಡೋದು ಅಂದಿದ್ದರಂತೆ. ಅಲೆನ್ ಕೇಳ್ತಾರಾ? 1952ರಲ್ಲಿ ಎನ್‌ಸಿಎಎ, ಅಂದ್ರೆ ಅಮೆರಿಕದ ಕಾಲೇಜು ತಂಡಗಳ ರಾಷ್ಟ್ರೀಯ ಟೂರ್ನಿಯ ಕಿರೀಟವನ್ನೇ ತಂದರು. ಈಗ ಅಲ್ಲಿನ ಕ್ರೀಡಾಂಗಣಕ್ಕೆ ಶಿಷ್ಯನ ಹೆಸರು, ಒಳಗಿನ ಅಂಕಣಕ್ಕೆ ಗುರುವಿನ ಹೆಸರು.

ನನ್ನ ಓಟು ಮಾತ್ರ ಗುರುಗಳಿಗೇ. ಎಷ್ಟೋ ಪಂದ್ಯಗಳಿಗೆ ತಾವೇ ರೆಫರಿಯಾಗಿ ನಿಲ್ತಿದ್ದರಂತೆ. ಸೀಟಿ ಕೈಯಲ್ಲಿದ್ದೂ ಅಷ್ಟು ಸೋಲೋದು ಅಂದ್ರೆ ಸುಮ್ನೇನಾ?