ಬ್ಯೂಯಿಕ್ ಹುಟ್ಟಿದ ಮನೆಯಲ್ಲಿ ಒಂದು ದಿನ

ಇಂಗ್ಲೆಂಡಿನ ನ್ಯೂಕ್ಯಾಸಲ್‌ನಿಂದ ಪಶ್ಚಿಮಕ್ಕೆ ಹೊರಟ ರೈಲು ಟೈನ್ ನದಿಯ ಜೊತೆಜೊತೆಗೇ ಸಾಗುತ್ತದೆ. ನದಿ ಕಾಣುವ ಕಡೆ ಕಿಟಕಿಗೆ ಅಂಟಿಕೊಂಡು ಕೂತಿದ್ದೆ. ನೀರಂಚಿನಲ್ಲಿ ಒಂದು ಬೂದು ಬಕ ಕತ್ತು ಕುಗ್ಗಿಸಿ ನಿಂತಿತ್ತು. ಚೀಲದಿಂದ ಪುಸ್ತಕ, ಪೆನ್ಸಿಲ್ ತೆಗೆಯುವಷ್ಟರಲ್ಲಿ ಬಕ ಹಿಂದೆ ಉಳಿಯಿತು. ನೆನಪಿನಲ್ಲಿ ನಿಂತದ್ದು ಆ ಕತ್ತಿನ ತಿರುವು ಮಾತ್ರ. ಅದನ್ನೇ ಒಂದು ಗೆರೆಯಲ್ಲಿ ಹಿಡಿದಿಟ್ಟೆ.

ಸ್ಟಾಕ್ಸ್‌ಫೀಲ್ಡ್‌ನಲ್ಲಿ ಇಳಿದು ನಡೆದರೆ ಚೆರ್ರಿಬರ್ನ್ ಸಿಗುತ್ತದೆ. ಪುಟ್ಟ ಕಲ್ಲಿನ ಮನೆ, ಮುಂದೆ ಗುಂಡುಕಲ್ಲು ಹಾಸಿದ ಅಂಗಳ. ಮರದ ಅಚ್ಚಿನಲ್ಲಿ ಹಕ್ಕಿಗಳನ್ನು ಕೆತ್ತಿ ಹೆಸರಾದ ಥಾಮಸ್ ಬ್ಯೂಯಿಕ್ ಹುಟ್ಟಿದ್ದು ಇಲ್ಲೇ, 1753ರಲ್ಲಿ. ಅಪ್ಪನಿಗೆ ಸ್ವಲ್ಪ ಬೇಸಾಯ, ಹತ್ತಿರದಲ್ಲೇ ಒಂದು ಕಲ್ಲಿದ್ದಲು ಗಣಿ. ಹುಡುಗನಿಗೆ ಚಿತ್ರ ಕಲಿಸುವವರು ಯಾರೂ ಇರಲಿಲ್ಲ. ಪುಸ್ತಕದ ಅಂಚಿನಲ್ಲಿ ಜಾಗ ಮುಗಿದ ಮೇಲೆ ಸೀಮೆಸುಣ್ಣ ಹಿಡಿದು ಸಮಾಧಿ ಕಲ್ಲುಗಳ ಮೇಲೆ, ಚರ್ಚಿನ ಮುಂಬಾಗಿಲ ನೆಲದ ಮೇಲೆಲ್ಲ ಗೀಚಿದನಂತೆ. ಹದಿನಾಲ್ಕನೇ ವಯಸ್ಸಿಗೆ ನ್ಯೂಕ್ಯಾಸಲ್‌ನ ಕೆತ್ತನೆಗಾರ ರಾಲ್ಫ್ ಬೀಲ್ಬಿಯ ಹತ್ತಿರ ಕೆಲಸ ಕಲಿಯಲು ಸೇರಿದ. ಬೆಳ್ಳಿ ಪಾತ್ರೆಯ ಮೇಲೆ ಅಕ್ಷರ ಕೆತ್ತುವುದು, ನಾಯಿಯ ಕೊರಳಪಟ್ಟಿಯ ಮೇಲೆ ಹೆಸರು ಕೊರೆಯುವುದು, ಹೀಗೆ ಬಂದ ಕೆಲಸವೆಲ್ಲ ಮಾಡಬೇಕಿತ್ತು. ಮುಂದೆ ನ್ಯೂಕ್ಯಾಸಲ್‌ನಲ್ಲೇ ನೆಲೆ ನಿಂತ ಮೇಲೂ ಅಪ್ಪ ಅಮ್ಮನನ್ನು ನೋಡಲು ವಾರ ವಾರ ಇಲ್ಲಿಗೆ ನಡೆದೇ ಬರುತ್ತಿದ್ದ. ದಾರಿ ಸುಮಾರು 18 ಕಿಲೋಮೀಟರ್. ಅವನ ಚಿತ್ರಗಳಲ್ಲಿ ಕಾಣುವ ಹಿಮ, ಮುರಿದ ಬೇಲಿ, ಹೊಳೆ ದಾಟುವ ಮುದುಕ ಎಲ್ಲ ಈ ದಾರಿಯಲ್ಲೇ ಕಂಡಿದ್ದಿರಬೇಕು ಅಂತ ನನಗನ್ನಿಸುತ್ತದೆ.

ಅಚ್ಚಿನ ಕೋಣೆಗೆ ಹೋದಾಗ ಅಲ್ಲಿದ್ದ ಹಿರಿಯರೊಬ್ಬರು ಒಂದು ಮರದ ಅಚ್ಚನ್ನು ನನ್ನ ಅಂಗೈ ಮೇಲಿಟ್ಟರು. ಅಂಗೈಗಿಂತ ಚಿಕ್ಕದು, ಆದರೆ ಒಳ್ಳೇ ಭಾರ. ಬಾಕ್ಸ್‌ವುಡ್ ಮರ ನಿಧಾನವಾಗಿ ಬೆಳೆಯುತ್ತದೆ, ಅದಕ್ಕೇ ಅಷ್ಟು ಗಟ್ಟಿ. ಹಲಗೆ ಸೀಳುವ ಹಾಗೆ ಉದ್ದಕ್ಕೆ ಕೊಯ್ಯದೆ ಕೊಂಬೆಯನ್ನು ಅಡ್ಡಕ್ಕೆ ಕೊಯ್ದು, ಆ ಮುಖದ ಮೇಲೆ ಕೆತ್ತುತ್ತಾರೆ. ಆಗ ನಾರು ಎದ್ದು ಬರುವುದಿಲ್ಲ, ಕೂದಲೆಳೆಯಷ್ಟು ಸಣ್ಣ ಗೆರೆಯೂ ನಿಲ್ಲುತ್ತದೆ. ಬ್ಯೂಯಿಕ್ ಕೆತ್ತಿದ ಒಂದು ಅಚ್ಚು ಒಂಬತ್ತು ಲಕ್ಷಕ್ಕೂ ಹೆಚ್ಚು ಪ್ರತಿ ಒತ್ತಿದ ಮೇಲೂ ಬಾಳಿಕೆ ಬಂತಂತೆ.

ಭೂತಗನ್ನಡಿ ಕೊಟ್ಟರು. ಅಚ್ಚಿನಲ್ಲಿ ಕೆತ್ತಿದ್ದ ಹಕ್ಕಿಯ ರೆಕ್ಕೆಯ ಹತ್ತಿರ ಹಿಡಿದೆ. ನಾವು ಕಾಗದದ ಮೇಲೆ ಬಿಡಿಸುವಾಗ ಕಪ್ಪು ಗೆರೆ ಎಳೆಯುತ್ತೇವೆ ಅಲ್ವಾ? ಇಲ್ಲಿ ಉಳಿ ಹೋದ ಕಡೆಯೆಲ್ಲ ಮಸಿ ಹತ್ತುವುದಿಲ್ಲ, ಅದು ಬಿಳಿಯಾಗುತ್ತದೆ. ಅಂದರೆ ಕೆತ್ತುವವನು ಕತ್ತಲೆಯಿಂದ ಬೆಳಕು ತೆಗೆಯುತ್ತಿದ್ದಾನೆ. ಎದೆಯ ಮೆತ್ತನೆಯ ಪುಕ್ಕಕ್ಕೆ ಚಿಕ್ಕ ಚಿಕ್ಕ ಚುಚ್ಚು, ರೆಕ್ಕೆಗರಿಗೆ ಒಂದೇ ಉಸಿರಿನ ಉದ್ದ ಗೆರೆ. ದೂರದ ಬೆಟ್ಟ ತಿಳಿಯಾಗಿ ಕಾಣಬೇಕಾದ ಕಡೆ ಮರದ ಮೈಯನ್ನೇ ಚೂರು ಕೆರೆದು ತಗ್ಗಿಸುತ್ತಿದ್ದರಂತೆ, ಒತ್ತು ಕಡಿಮೆ ಬೀಳಲಿ ಅಂತ. ತಪ್ಪಿದರೆ ಅಳಿಸುವ ಹಾಗಿಲ್ಲ. ಮೇಲಾಗಿ ಎಲ್ಲವೂ ಎಡಬಲ ತಿರುಗಿಸಿ ಕೆತ್ತಬೇಕು.

ಅವರು ಮಸಿಯ ರೋಲರ್ ಆಡಿಸಿದರು. ಅಂಟು ಮಸಿ ಚಟಚಟ ಅಂತ ಸದ್ದು ಮಾಡಿತು. ಕಾಗದ ಇಟ್ಟು, ಕಬ್ಬಿಣದ ಯಂತ್ರದ ಹಿಡಿ ಎಳೆದು, ಮೂಲೆ ಹಿಡಿದು ನಿಧಾನವಾಗಿ ಎತ್ತಿದರು. ಹಕ್ಕಿ ಎದುರಿಗೆ ಬಂತು! ಅಚ್ಚಿನ ಎತ್ತರವೂ ಅಚ್ಚುಮೊಳೆಯ ಎತ್ತರವೂ ಒಂದೇ ಆದ್ದರಿಂದ ಚಿತ್ರ, ಬರಹ ಎರಡನ್ನೂ ಒಂದೇ ಪುಟದಲ್ಲಿ ಒಟ್ಟಿಗೇ ಒತ್ತಬಹುದಿತ್ತು. ಬ್ರಿಟನ್ನಿನ ಹಕ್ಕಿಗಳ ಬಗ್ಗೆ ಅವನು ಚಿತ್ರ ಮಾಡಿದ ಎರಡು ಸಂಪುಟಗಳು, ನೆಲದ ಹಕ್ಕಿಗಳದ್ದು 1797ರಲ್ಲಿ, ನೀರಹಕ್ಕಿಗಳದ್ದು 1804ರಲ್ಲಿ, ಹೀಗೆಯೇ ಜನರ ಕೈ ಸೇರಿದವು.

ನನ್ನ ಮನಸ್ಸಿಗೆ ಜಾಸ್ತಿ ಹತ್ತಿರವಾದ ಸಂಗತಿ ಬೇರೆ. ಆ ಕೆಲಸಕ್ಕಾಗಿ 1791ರಲ್ಲಿ ಬ್ಯೂಯಿಕ್ ವಿಕ್ಲಿಫ್ ಎಂಬ ಊರಿಗೆ ಹೋಗಿ, ಮಾರ್ಮಡ್ಯೂಕ್ ಟನ್‌ಸ್ಟಲ್ ಎಂಬುವರ ಸಂಗ್ರಹದಲ್ಲಿದ್ದ ಹಕ್ಕಿಗಳನ್ನು ಸುಮಾರು ಎರಡು ತಿಂಗಳು ಕೂತು ಬಿಡಿಸಿದ. ಎಲ್ಲವೂ ಒಳಗೆ ತುಂಬಿ ನಿಲ್ಲಿಸಿದ ಹಕ್ಕಿಗಳು. ಆಮೇಲೆ ಜೀವಂತ ಹಕ್ಕಿ, ಆಗಷ್ಟೇ ಬೇಟೆಯಾದ ಹಕ್ಕಿ ನೋಡಿದಾಗ ಎಷ್ಟು ವ್ಯತ್ಯಾಸ ಅಂತ ಅವನಿಗೇ ತಿಳಿಯಿತು. ಬಿಡಿಸಿದ್ದರಲ್ಲಿ ಬಹಳಷ್ಟನ್ನು ಪಕ್ಕಕ್ಕಿಟ್ಟ. ಆ ಸಂಗ್ರಹದಿಂದಲೇ ಬೆಳೆದ ನ್ಯೂಕ್ಯಾಸಲ್‌ನ ಹ್ಯಾಂಕಾಕ್ ಮ್ಯೂಸಿಯಂಗೆ ನಾನು ಹಿಂದಿನ ದಿನವಷ್ಟೇ ಹೋಗಿದ್ದೆ. ಗಾಜಿನ ಹಿಂದಿನ ಹಕ್ಕಿ ಕದಲುವುದಿಲ್ಲ, ಗರಿ ಎಣಿಸಬಹುದು, ಕೊಕ್ಕಿನ ಉದ್ದ ಅಳೆಯಬಹುದು. ಅದು ಬೇಕು, ನಿಜ. ಆದರೆ ಚಳಿಗೆ ಮೈ ಉಬ್ಬಿಸಿಕೊಂಡ ಹಕ್ಕಿ, ಹಾರುವ ಮುಂಚೆ ಕಾಲು ಮಡಿಸಿ ತಗ್ಗುವ ಹಕ್ಕಿ ಅಲ್ಲಿ ಸಿಗುವುದಿಲ್ಲ. ಬ್ಯೂಯಿಕ್ ಹಕ್ಕಿಗಳು ಸುಮ್ನೆ ಖಾಲಿ ಹಾಳೆಯ ಮೇಲೆ ತೇಲುವುದೂ ಇಲ್ಲ. ಕಾಲ ಕೆಳಗೆ ಅದರದ್ದೇ ಕಲ್ಲು, ಹುಲ್ಲು, ಒಣ ಎಲೆ ಇರುತ್ತದೆ. ನನ್ನ ಪುಸ್ತಕ ತಿರುವಿ ನೋಡಿದೆ. ಹತ್ತು ವರ್ಷದಿಂದ ಹಕ್ಕಿ ಬಿಡಿಸುತ್ತಿದ್ದೇನೆ, ಒಂದಕ್ಕೂ ನಿಲ್ಲಲು ನೆಲವಿಲ್ಲ.

ಮಧ್ಯಾಹ್ನದ ಮೇಲೆ ನದಿಯ ಆಚೆ ದಡಕ್ಕೆ ಹೋದೆ. ಊರಿನ ಹೆಸರು ಬರೆಯುವುದು ಓವಿಂಗ್‌ಹ್ಯಾಮ್ ಅಂತ, ಅಲ್ಲಿಯವರ ಬಾಯಲ್ಲಿ ಅದು ‘ಆವಿಂಜಮ್’. ಬ್ಯೂಯಿಕ್ ಶಾಲೆಗೆ ಬರುತ್ತಿದ್ದದ್ದು, ಸೀಮೆಸುಣ್ಣದಲ್ಲಿ ಗೀಚಿದ್ದು ಇಲ್ಲೇ. 1828ರಲ್ಲಿ ತೀರಿಕೊಂಡಾಗ ಮಣ್ಣು ಮಾಡಿದ್ದೂ ಇದೇ ಚರ್ಚಿನ ಅಂಗಳದಲ್ಲಿ. ಅವನು ಹೋದ ಎರಡು ವರ್ಷಕ್ಕೆ ಒಂದು ಹಂಸಕ್ಕೆ ಅವನ ಹೆಸರಿಟ್ಟರು.

ವಾಲಿದ ಸಮಾಧಿ ಕಲ್ಲೊಂದರ ಮೇಲೆ ರಾಬಿನ್ ಬಂದು ಕೂತಿತು. ಒಮ್ಮೆ ಬಾಗಿತು, ಬಾಲ ಕುಣಿಸಿತು. ಬೆನ್ನಿನ ಗೆರೆ, ಕಣ್ಣು, ಎದೆಯ ಉಬ್ಬು ಹಿಡಿದೆ. ಕಾಲು ಬಿಡಿಸುವಷ್ಟರಲ್ಲಿ ಹಾರಿಹೋಯಿತು. ಪುಸ್ತಕ ಮುಚ್ಚಲಿಲ್ಲ. ಅದು ಕೂತಿದ್ದ ಕಲ್ಲು ಅಲ್ಲೇ ಇತ್ತಲ್ಲ, ಅಂಚು ಸವೆದು, ಅರ್ಧ ಪಾಚಿ ಹಿಡಿದು. ಪೆನ್ಸಿಲ್ ಚೂಪು ಮಾಡಿಕೊಂಡು ಆ ಪಾಚಿಯಿಂದ ಶುರು ಮಾಡಿದೆ.